‘ತೆರವು’ ಎಂಬ ಮೆತ್ತನೆಯ ಮಾತು

ಕಟ್ಟಿದ್ದನ್ನು ಇಲ್ಲವಾಗಿಸುವ ಕ್ರಿಯೆಗೆ ಕನ್ನಡದಲ್ಲಿ ಪದಗಳ ಬರವಿಲ್ಲ. ಬಿಚ್ಚು, ಕೀಳು, ಒಡೆ, ಕೆಡವು, ಉರುಳಿಸು, ನೆಲಸಮ ಮಾಡು, ಧ್ವಂಸಗೊಳಿಸು, ತೆರವುಗೊಳಿಸು ಎಂದು ಪಟ್ಟಿ ಬೆಳೆಯುತ್ತಾ ಹೋಗುತ್ತದೆ. ಇವೆಲ್ಲದರ ಕೊನೆಯೂ ಒಂದೇ. ಗೋಡೆ ಇದ್ದಲ್ಲಿ ಗೋಡೆ ಇರುವುದಿಲ್ಲ. ಆದ್ದರಿಂದ ಯಾವ ಪದ ಬಳಸಿದರೇನು ಎಂದು ಕೇಳುವವರಿದ್ದಾರೆ. ಆದರೆ ಮನೆ ಕಳಕೊಂಡವನಿಗೆ ಪರಿಹಾರ ಸಿಗುತ್ತದೋ ಇಲ್ಲವೋ, ಮರುದಿನದ ಪತ್ರಿಕೆಯಲ್ಲಿ ಅವನು ಸಂತ್ರಸ್ತನಾಗಿ ಕಾಣಿಸುತ್ತಾನೋ ಅಪರಾಧಿಯಾಗಿ ಕಾಣಿಸುತ್ತಾನೋ ಎಂಬುದು ಬಹುಮಟ್ಟಿಗೆ ಈ ಪದಗಳ ಆಯ್ಕೆಯಲ್ಲೇ ನಿರ್ಧಾರವಾಗಿಬಿಡುತ್ತದೆ. ಕಳೆದ ಕೆಲವು ವರ್ಷಗಳಿಂದ ಈ ಪಟ್ಟಿಯ ಒಂದು ಪದ ಉಳಿದೆಲ್ಲವನ್ನೂ ನುಂಗುತ್ತಿದೆ. ಅದು ‘ತೆರವು’. ಆ ಪದವನ್ನು ಒಮ್ಮೆ ನಿಲ್ಲಿಸಿ ಪ್ರಶ್ನಿಸಬೇಕಾದ ಕಾಲ ಬಂದಿದೆ ಎಂದು ನಾವು ಭಾವಿಸುತ್ತೇವೆ.

ಮೊದಲು ಪದಗಳ ಅರ್ಥವನ್ನೇ ನೋಡೋಣ. ಹಳೆಯ ಮನೆಯೊಂದರ ಹೆಂಚು ಇಳಿಸಿ, ತೊಲೆ-ಬಾಗಿಲುಗಳನ್ನು ಜೋಪಾನವಾಗಿ ತೆಗೆದಿಟ್ಟರೆ ಅದು ಬಿಚ್ಚುವುದು. ಬಿಚ್ಚಿದ್ದನ್ನು ಮತ್ತೆ ಜೋಡಿಸಬಹುದೆಂಬ ಭರವಸೆ ಆ ಪದದೊಳಗಿದೆ. ಮನೆಯ ಯಜಮಾನನ ಒಪ್ಪಿಗೆಯೂ ಇದೆ. ‘ಕೆಡವು’ ಹಾಗಲ್ಲ. ಹಳಗನ್ನಡದಲ್ಲಿ ‘ಕೆಡೆ’ ಎಂದರೆ ಬೀಳು, ‘ಕೆಡಪು’ ಎಂದರೆ ಬೀಳುವಂತೆ ಮಾಡು. ಅದೇ ‘ಕೆಡಹು’ ಆಗಿ, ಇಂದಿನ ‘ಕೆಡವು’ ಆಗಿದೆ. ತಾನಾಗಿ ಬಿದ್ದದ್ದು ಬೇರೆ, ಇನ್ನೊಬ್ಬರು ಬೀಳಿಸಿದ್ದು ಬೇರೆ ಎಂಬ ವಿವೇಕ ಈ ಭಾಷೆಗೆ ಮೊದಲಿನಿಂದಲೂ ಇತ್ತು. ‘ಮನೆ ಕೆಡವಿದರು’ ಎಂದು ಹೇಳಿದ ಕೂಡಲೇ ಕೇಳುವವನ ಬಾಯಲ್ಲಿ ‘ಯಾರು?’ ಎಂಬ ಪ್ರಶ್ನೆ ಬರುತ್ತದೆ, ಉತ್ತರಿಸದೆ ನಿರ್ವಾಹವಿಲ್ಲ. ಸಂಸ್ಕೃತದಿಂದ ಬಂದ ‘ಧ್ವಂಸ’ದಲ್ಲಿ ನಾಶದ ಜೊತೆಗೆ ಅನ್ಯಾಯದ ಧ್ವನಿಯೂ ಇದೆ. ‘ನೆಲಸಮ’ವು ಪರಿಣಾಮವನ್ನಷ್ಟೇ ಹೇಳುತ್ತದೆ. ಭೂಕಂಪದಲ್ಲೂ ಮನೆ ನೆಲಸಮವಾಗುತ್ತದೆ, ಜೆಸಿಬಿಯಿಂದಲೂ ಆಗುತ್ತದೆ.

ಇನ್ನು ‘ತೆರವು’. ಅದರ ಮೂಲಾರ್ಥ ಬರಿದಾದ ಜಾಗ, ಎಡೆ, ತೆರಪು. ಶಾಸಕರೊಬ್ಬರು ರಾಜೀನಾಮೆ ನೀಡಿದರೆ ಅವರ ಸ್ಥಾನ ತೆರವಾಗುತ್ತದೆ. ನ್ಯಾಯಾಲಯವು ತಡೆಯಾಜ್ಞೆಯನ್ನು ತೆರವುಗೊಳಿಸುತ್ತದೆ. ಗಾಳಿ-ಮಳೆಗೆ ರಸ್ತೆಗೆ ಬಿದ್ದ ಮರವನ್ನು, ಚರಂಡಿಯಲ್ಲಿ ತುಂಬಿದ ಹೂಳನ್ನು ತೆರವು ಮಾಡುತ್ತಾರೆ. ಅಂದರೆ ಇರಬಾರದ ವಸ್ತುವೊಂದು ಇರಬಾರದ ಜಾಗದಲ್ಲಿತ್ತು, ಅದನ್ನು ತೆಗೆದು ದಾರಿ ಸುಗಮಗೊಳಿಸಲಾಯಿತು ಎಂಬುದೇ ಆ ಪದ ಕೊಡುವ ಚಿತ್ರ. ಈ ಪದವನ್ನು ಜನ ವಾಸವಿದ್ದ ಮನೆಗೆ ಅನ್ವಯಿಸಿದಾಗ ಏನಾಗುತ್ತದೆ? ಅಡುಗೆಯ ಒಲೆ, ಮಕ್ಕಳ ಪುಸ್ತಕದ ಚೀಲ, ಮಗಳ ಮದುವೆಗೆಂದು ಕೂಡಿಟ್ಟ ಪಾತ್ರೆ-ಪಡಗ ಎಲ್ಲವೂ ಕಣ್ಣಿನಿಂದ ಮರೆಯಾಗುತ್ತವೆ. ಉಳಿಯುವುದು ‘ಜಾಗ’ ಮಾತ್ರ. ‘ತೆರವುಗೊಳಿಸಲಾಯಿತು’ ಎಂಬ ವಾಕ್ಯದಲ್ಲಿ ಮಾಡಿದವರೂ ಇಲ್ಲ, ಅನುಭವಿಸಿದವರೂ ಇಲ್ಲ. ಇನ್ನು ಆ ಪದದ ಹಿಂದೆ ‘ಒತ್ತುವರಿ’ ಎಂಬುದನ್ನು ಸೇರಿಸಿಬಿಟ್ಟರೆ ಕೆಲಸ ಪೂರ್ಣವಾಯಿತು. ‘ಒತ್ತುವರಿ ತೆರವು’ ಎಂಬ ಎರಡೇ ಪದಗಳಲ್ಲಿ ಆರೋಪವೂ ಇದೆ, ತೀರ್ಪೂ ಇದೆ, ಶಿಕ್ಷೆಯ ಜಾರಿಯೂ ಇದೆ. ನಡುವೆ ಇರಬೇಕಾಗಿದ್ದ ವಿಚಾರಣೆಗೆ ಮಾತ್ರ ಅಲ್ಲಿ ಸ್ಥಳವಿಲ್ಲ.

ಇದು ಬೆಂಗಳೂರು, ದೆಹಲಿಯಂಥ ಮಹಾನಗರಗಳ ಸಮಸ್ಯೆ ಎಂದು ಯಾರೂ ಭಾವಿಸಬೇಕಿಲ್ಲ. ಕೊಳ್ಳೇಗಾಲದಿಂದ ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ರಸ್ತೆಯಲ್ಲಿ ಸಿಗುವ ಕೌದಳ್ಳಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿ. ಹಿಂದೂ-ಮುಸ್ಲಿಮ್ ಕುಟುಂಬಗಳು ಕೂಡಿ ಬಾಳುವ ಊರು. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಭಕ್ತರು ಈ ಊರನ್ನು ದಾಟಿಯೇ ಮುಂದೆ ಸಾಗುತ್ತಾರೆ. ಇಂಥ ಊರುಗಳಲ್ಲಿ ರಸ್ತೆಯೇ ಬದುಕು. ಚಹಾದಂಗಡಿ, ಹಣ್ಣಿನಂಗಡಿ, ಪಂಚರ್ ಅಂಗಡಿ, ಅದರ ಹಿಂದೆಯೇ ಎರಡು ಕೋಣೆಯ ಮನೆ. ರಸ್ತೆ ಎಂದಾದರೊಮ್ಮೆ ಅಗಲವಾಗಬೇಕು. ಯಾತ್ರಿಕರ ವಾಹನಗಳು ಹೆಚ್ಚಿದಂತೆ ಅದು ಅನಿವಾರ್ಯವೂ ಹೌದು. ಆ ದಿನ ಅಳತೆಯ ಟೇಪು ಹಿಡಿದು ಬರುವ ಅಧಿಕಾರಿಯ ಕಾಗದದಲ್ಲಿ ಯಾವ ಪದ ಇರುತ್ತದೆ ಎಂಬುದರ ಮೇಲೆ ಆ ಎರಡು ಕೋಣೆಗಳ ಹಣೆಬರಹ ನಿಂತಿರುತ್ತದೆ.

ಕಾಗದದಲ್ಲಿ ‘ಭೂಸ್ವಾಧೀನ’ ಎಂದಿದ್ದರೆ ಆ ಮನೆಯವನು ಮಾಲೀಕ. 2014ರ ಜನವರಿ 1ರಿಂದ ಜಾರಿಯಲ್ಲಿರುವ 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಜಮೀನಿನ ಮಾರುಕಟ್ಟೆ ಮೌಲ್ಯವನ್ನು ಲೆಕ್ಕ ಹಾಕಬೇಕು. ಗ್ರಾಮೀಣ ಪ್ರದೇಶವಾದರೆ ಅದನ್ನು ನಿಗದಿತ ಪಟ್ಟಿನಿಂದ ಗುಣಿಸಬೇಕು. ಅದರ ಮೇಲಿನ ಕಟ್ಟಡ, ಮರಗಳ ಬೆಲೆ ಸೇರಿಸಬೇಕು. ಒಟ್ಟು ಮೊತ್ತದ ಶೇ. 100ರಷ್ಟನ್ನು ಸಾಂತ್ವನ ಧನವಾಗಿ ಮತ್ತೆ ಕೊಡಬೇಕು. ಅದೇ ಕಾಗದದಲ್ಲಿ ‘ಒತ್ತುವರಿ ತೆರವು’ ಎಂದಿದ್ದರೆ ಅದೇ ಮನೆಯವನು ಅತಿಕ್ರಮಣಕಾರ. ಅವನಿಗೆ ಪರಿಹಾರವಿಲ್ಲ, ಬದಲಾಗಿ ಕೆಡವಿದ ಖರ್ಚನ್ನೂ ಅವನಿಂದಲೇ ವಸೂಲು ಮಾಡುವ ಪ್ರಸಂಗ ಬರಬಹುದು. ಮನೆ ಅದೇ, ಗೋಡೆ ಅದೇ, ಜೆಸಿಬಿಯೂ ಅದೇ. ವ್ಯತ್ಯಾಸ ಇರುವುದು ಪದದಲ್ಲಿ.

ಹಾಗಿದ್ದರೆ ಯಾರು ಮಾಲೀಕ, ಯಾರು ಅತಿಕ್ರಮಣಕಾರ ಎಂಬುದನ್ನು ಕಾಗದಪತ್ರ ನೋಡಿ ಹೇಳಬಹುದಲ್ಲ ಎನ್ನಬಹುದು. ಅಷ್ಟು ಸರಳವಾಗಿಲ್ಲ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ಮುನ್ನ ಕೊಳ್ಳೇಗಾಲ ತಾಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಬಳಿಕ ಮೈಸೂರು ಜಿಲ್ಲೆಗೆ, 1997ರಲ್ಲಿ ಹೊಸ ಚಾಮರಾಜನಗರ ಜಿಲ್ಲೆಗೆ ಸೇರಿತು. ಆ ಮೇಲೆ ಹನೂರು ಪ್ರತ್ಯೇಕ ತಾಲೂಕಾಯಿತು. ಮುತ್ತಜ್ಜನ ಕಾಲದ ಕಾಗದ ಒಂದು ಆಡಳಿತದ್ದು, ಮೊಮ್ಮಗನ ಪಹಣಿ ಇನ್ನೊಂದು ಆಡಳಿತದ್ದು. ಸಾಹುಕಾರರು ಪ್ರತಿ ಹಂತದಲ್ಲೂ ಕಚೇರಿ ಅಲೆದು ದಾಖಲೆ ಸರಿಪಡಿಸಿಕೊಂಡರು. ಕೂಲಿ ಮಾಡುವವನು ಹೆಂಚಿನ ಕೆಳಗೆ ಕಾಗದ ಸಿಕ್ಕಿಸಿಟ್ಟು ನಿಶ್ಚಿಂತನಾದ. ಸ್ವತಃ ಕಾನೂನೇ ಈ ಸಂಗತಿಯನ್ನು ಬಲ್ಲದು. ಸರಕಾರಿ ಜಮೀನಿನಲ್ಲಿ ಮನೆ ಕಟ್ಟಿಕೊಂಡ ಗ್ರಾಮೀಣ ಬಡವರಿಗೆ ಸಕ್ರಮದ ಅವಕಾಶ ನೀಡುವುದಕ್ಕೆಂದೇ ಕರ್ನಾಟಕ ಭೂಕಂದಾಯ ಕಾಯ್ದೆಯಲ್ಲಿ 94ಸಿ ಎಂಬ ಕಲಮು ಇದೆ. ಅನಧಿಕೃತ ಎಂಬುದು ಕೊನೆಯ ಮಾತಲ್ಲ, ಅರ್ಜಿ ಹಾಕಿ ವಿಚಾರಣೆಯಾದ ಬಳಿಕವಷ್ಟೇ ಹೇಳಬಹುದಾದ ಮಾತು ಎಂಬುದನ್ನು ಆ ಕಲಮೇ ಒಪ್ಪಿಕೊಂಡಿದೆ. ‘ಒತ್ತುವರಿ’ ಎಂದು ಹಣೆಪಟ್ಟಿ ಹಚ್ಚುವವರು ಅದನ್ನು ಮರೆಯುತ್ತಾರೆ.

ಸುಪ್ರೀಮ್ ಕೋರ್ಟ್ 1985ರಲ್ಲೇ ಓಲ್ಗಾ ಟೆಲಿಸ್ ಪ್ರಕರಣದಲ್ಲಿ, ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದಿತ್ತು. ಮುಂಬೈಯ ಕಾಲುದಾರಿಯಲ್ಲಿ ವಾಸಿಸುವವರಿಗೆ ಅಲ್ಲೇ ಉಳಿಯುವ ಹಕ್ಕಿದೆ ಎಂದು ಅದು ಹೇಳಲಿಲ್ಲ. ಆದರೆ ನ್ಯಾಯಯುತ ಕ್ರಮವಿಲ್ಲದೆ ಎಬ್ಬಿಸುವಂತಿಲ್ಲ ಎಂದಿತು. 2024ರ ನವೆಂಬರ್ 13ರಂದು ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಕೆ.ವಿ. ವಿಶ್ವನಾಥನ್ ಅವರಿದ್ದ ಪೀಠ ಇನ್ನೂ ಮುಂದೆ ಹೋಯಿತು. ಆರೋಪಿ ಎಂಬ ಕಾರಣಕ್ಕಾಗಲಿ, ಅಪರಾಧಿ ಎಂಬ ಕಾರಣಕ್ಕಾಗಲಿ ಯಾರ ಮನೆಯನ್ನೂ ಕೆಡವುವಂತಿಲ್ಲ. ಕನಿಷ್ಠ 15 ದಿನಗಳ ನೋಟಿಸು ಕೊಡಬೇಕು. ಅದನ್ನು ನೋಂದಾಯಿತ ಅಂಚೆಯಲ್ಲಿ ಕಳುಹಿಸಬೇಕು, ಕಟ್ಟಡಕ್ಕೂ ಅಂಟಿಸಬೇಕು. ಖುದ್ದು ಅಹವಾಲು ಆಲಿಸಬೇಕು. ಕೆಡವುವುದೊಂದೇ ದಾರಿ ಏಕೆ, ದಂಡ ಕಟ್ಟಿಸಿ ಉಳಿಸಿಕೊಳ್ಳಬಹುದಾದ ಭಾಗ ಇದೆಯೇ ಎಂಬುದಕ್ಕೆ ಆದೇಶದಲ್ಲೇ ಕಾರಣ ಕೊಡಬೇಕು. ಆದೇಶದ ನಂತರವೂ 15 ದಿನ ಕಾಯಬೇಕು. ಕಾರ್ಯಾಚರಣೆಯನ್ನು ಚಿತ್ರೀಕರಿಸಬೇಕು. ತಪ್ಪಿದರೆ ಅಧಿಕಾರಿಯೇ ತನ್ನ ಜೇಬಿನಿಂದ ನಷ್ಟ ತುಂಬಿಕೊಡಬೇಕು. 2025ರ ಏಪ್ರಿಲ್ 1ರಂದು ಅದೇ ನ್ಯಾಯಾಲಯ ಪ್ರಯಾಗರಾಜ್‌ನಲ್ಲಿ 2021ರಲ್ಲಿ ಮನೆ ಕಳಕೊಂಡವರಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು.

ಆದರೆ ಇಲ್ಲೊಂದು ಸೂಕ್ಷ್ಮವಿದೆ, ಓದುಗರು ಗಮನಿಸಬೇಕು. 2024ರ ಆ ತೀರ್ಪಿನ ಈ ಎಲ್ಲ ರಕ್ಷಣೆ ಸಾರ್ವಜನಿಕ ರಸ್ತೆ, ಕಾಲುದಾರಿ, ರೈಲು ಹಳಿಯ ಪಕ್ಕದ ಜಾಗ, ನದಿ-ಕೆರೆಗಳಂಥ ಸ್ಥಳಗಳಲ್ಲಿರುವ ಅನಧಿಕೃತ ಕಟ್ಟಡಗಳಿಗೆ ಅನ್ವಯಿಸುವುದಿಲ್ಲ. ನ್ಯಾಯಾಲಯವೇ ಕೆಡವಲು ಆದೇಶಿಸಿದ್ದರೂ ಅನ್ವಯಿಸುವುದಿಲ್ಲ. ಅಂದರೆ ಕೌದಳ್ಳಿಯಂಥ ಊರಿನ ರಸ್ತೆಬದಿಯ ಮನೆಯನ್ನು ಯಾರಾದರೂ ‘ರಸ್ತೆಯ ಒತ್ತುವರಿ’ ಎಂದು ಬರೆದುಬಿಟ್ಟರೆ, ದೇಶದ ಅತ್ಯುನ್ನತ ನ್ಯಾಯಾಲಯ ಕೊಟ್ಟ ಆ 15 ದಿನಗಳ ಕೊಡೆ ಆ ಮನೆಯ ಮೇಲಿನಿಂದ ಸರಿದುಬಿಡುತ್ತದೆ. ಆದ್ದರಿಂದ ಮೊದಲು ಪ್ರಶ್ನಿಸಬೇಕಾದದ್ದು ಜೆಸಿಬಿಯನ್ನಲ್ಲ, ಆ ಪದವನ್ನು. ರಸ್ತೆಯ ಗಡಿಯನ್ನು ಯಾವ ನಕ್ಷೆಯಂತೆ ಗುರುತಿಸಿದ್ದೀರಿ, ಸರ್ವೆ ಯಾವಾಗ ನಡೆಯಿತು, ನಮ್ಮ ಸಮಕ್ಷಮ ನಡೆಯಿತೇ ಎಂದು ಲಿಖಿತವಾಗಿ ಕೇಳಬೇಕಾದದ್ದು ಯಂತ್ರ ಬಂದ ದಿನವಲ್ಲ, ಗೋಡೆಯ ಮೇಲೆ ಗುರುತು ಬಿದ್ದ ದಿನ.

ಇದು ಮುಸ್ಲಿಮರ ದೂರು ಮಾತ್ರ ಎಂದು ಯಾರಾದರೂ ತಿಳಿದರೆ ಅದೂ ತಪ್ಪು. ಚಾಮರಾಜನಗರದ ನೆರೆಯ ನಂಜನಗೂಡು ತಾಲೂಕಿನ ಹುಚ್ಚಗಣಿಯಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಮಹದೇವಮ್ಮ ದೇವಸ್ಥಾನವನ್ನು ಕೆಡವಲಾಯಿತು. ಸಾರ್ವಜನಿಕ ಸ್ಥಳದ ಅನಧಿಕೃತ ಧಾರ್ಮಿಕ ಕಟ್ಟಡಗಳ ಬಗ್ಗೆ 2009ರಲ್ಲಿ ಸುಪ್ರೀಮ್ ಕೋರ್ಟ್ ನೀಡಿದ್ದ ಆದೇಶವನ್ನು ಆಡಳಿತ ಮುಂದಿಟ್ಟಿತು. ಅಧಿಕಾರಿಗಳಿಗೆ ಅದು ‘ತೆರವು’, ಭಕ್ತರಿಗೆ ‘ಧ್ವಂಸ’. ಜನರ ನೋವು ದೊಡ್ಡದಿತ್ತು. ಅದು ಸಹಜವೂ ಆಗಿತ್ತು. ಅದೇ ತಿಂಗಳು ವಿಧಾನಮಂಡಲದಲ್ಲಿ ಧಾರ್ಮಿಕ ಕಟ್ಟಡಗಳ ಸಂರಕ್ಷಣಾ ಮಸೂದೆ ಅಂಗೀಕಾರವಾಯಿತು. ದೇವಸ್ಥಾನ, ಮಸೀದಿ, ಚರ್ಚು ಎಂಬ ಭೇದವಿಲ್ಲದೆ ಅದು ರಕ್ಷಣೆಯ ಮಾತಾಡಿತು. ಅದನ್ನು ಮೆಚ್ಚೋಣ. ಆದರೆ ಆರಾಧನಾಲಯಕ್ಕೆ ಕೆಲವೇ ವಾರಗಳಲ್ಲಿ ಸಿಕ್ಕ ಆ ಕರುಣೆ ಬಡವನ ಮನೆಗೆ ಏಕೆ ಸಿಗುವುದಿಲ್ಲ? 2025ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಯಲಹಂಕ ಸಮೀಪದ ಕೋಗಿಲು ಬಡಾವಣೆಯಲ್ಲಿ ಸರಕಾರಿ ಜಮೀನಿನ ಒತ್ತುವರಿ ಎಂಬ ಕಾರಣ ನೀಡಿ ಮನೆಗಳನ್ನು ಕೆಡವಿದರು. ಮನೆ ಕಳಕೊಂಡವರಲ್ಲಿ ಹೆಚ್ಚಿನವರು ಮುಸ್ಲಿಮರು. ರಾಜ್ಯದಲ್ಲಿ ಆಗ ಇದ್ದದ್ದು ‘ಬುಲ್ಡೋಜರ್ ಸರಕಾರ’ ಎಂದು ಇತರರನ್ನು ಟೀಕಿಸುತ್ತಿದ್ದ ಪಕ್ಷದ್ದೇ ಆಡಳಿತ. ಚಳಿಯಲ್ಲಿ ಮಕ್ಕಳು ಬೀದಿಗೆ ಬಿದ್ದು, ಟೀಕೆ ಹೆಚ್ಚಿದ ಬಳಿಕ ಅರ್ಹರಿಗೆ ಪರ್ಯಾಯ ವಸತಿ ಕೊಡುವುದಾಗಿ ಸರಕಾರ ಹೇಳಿತು. ಪರ್ಯಾಯ ಕೊಡಲು ಸಾಧ್ಯವಿತ್ತು ಎಂದಾದರೆ ಅದನ್ನು ಮೊದಲೇ ಕೊಡಬಹುದಿತ್ತಲ್ಲವೇ? ಆದರೆ ‘ತೆರವು’ ಎಂಬ ಪದ ಬಾಯಿಗೆ ಬಂದರೆ ಮೊದಲು ಕಾಣುವುದು ಖಾಲಿಯಾಗಬೇಕಾದ ಜಾಗ. ಮನುಷ್ಯ ಕಾಣುವುದು ಆಮೇಲೆ.

ಪದದ ಈ ಆಟವನ್ನು ಈ ದೇಶ ದೊಡ್ಡ ಪ್ರಮಾಣದಲ್ಲಿ ಕಂಡದ್ದು 1992ರ ಡಿಸೆಂಬರ್ 6ರ ನಂತರ. ಹಾಡಹಗಲೇ ಸಾವಿರಾರು ಜನರೆದುರು ಬಾಬರಿ ಮಸೀದಿಯನ್ನು ಕೆಡವಿದರು. ಮಸೀದಿ ಇರುವಾಗಲೇ ಅದನ್ನು ‘ವಿವಾದಿತ ಕಟ್ಟಡ’ ಎಂದು ಕರೆಯುವ ರೂಢಿ ಬೆಳೆದಿತ್ತು. ಕೆಡವಿದ ಮೇಲೂ ‘ವಿವಾದಿತ ಕಟ್ಟಡ ನೆಲಸಮ’ ಎಂದೇ ಎಷ್ಟೋ ಕಡೆ ಅಚ್ಚಾಯಿತು. ಮಸೀದಿ ಎಂಬ ಹೆಸರೂ ಇಲ್ಲ, ಕೆಡವಿದವರ ಹೆಸರೂ ಇಲ್ಲ. 2019ರ ನವೆಂಬರ್ 9ರ ತೀರ್ಪಿನಲ್ಲಿ ಸುಪ್ರೀಮ್ ಕೋರ್ಟ್, ಜಾಗವನ್ನು ಮಂದಿರಕ್ಕೆ ಒಪ್ಪಿಸುತ್ತಲೇ, ಮಸೀದಿಯನ್ನು ಕೆಡವಿದ್ದು ಕಾನೂನಿನ ಆಡಳಿತದ ಘೋರ ಉಲ್ಲಂಘನೆ ಎಂದಿತು. 2020ರ ಸೆಪ್ಟೆಂಬರ್ 30ರಂದು ಲಕ್ನೋದ ವಿಶೇಷ ನ್ಯಾಯಾಲಯ ಬದುಕುಳಿದಿದ್ದ ಎಲ್ಲ 32 ಆರೋಪಿಗಳನ್ನೂ ಖುಲಾಸೆಗೊಳಿಸಿತು. 2024ರಲ್ಲಿ ಪರಿಷ್ಕೃತವಾದ ಎನ್‌ಸಿಇಆರ್‌ಟಿಯ 12ನೇ ತರಗತಿಯ ರಾಜ್ಯಶಾಸ್ತ್ರ ಪುಸ್ತಕದಲ್ಲಿ ಬಾಬರಿ ಮಸೀದಿಯ ಹೆಸರೇ ಮಾಯವಾಗಿ ‘ಮೂರು ಗುಮ್ಮಟಗಳ ಕಟ್ಟಡ’ ಉಳಿಯಿತು. ಕಟ್ಟಡವನ್ನು ಕೆಡವಲು ಕೆಲವು ತಾಸು ಸಾಕಾಯಿತು. ಹೆಸರನ್ನು ಕೆಡವುವ ಕೆಲಸ ಮೂವತ್ತು ವರ್ಷ ನಡೆಯಿತು.

ಹಾಗೆಂದು ಎಲ್ಲ ಪದಗಳ ತಪ್ಪೂ ಇತರರದ್ದೇ ಎಂದು ನಾವು ಹೇಳುತ್ತಿಲ್ಲ. ನಮ್ಮ ಸಮುದಾಯದ ಮಾತಿನ ರೂಢಿಯನ್ನೂ ನೋಡಬೇಕು. ಉರ್ದು ಬಲ್ಲವರು ಮಸೀದಿಯನ್ನು ಯಾರಾದರೂ ಕೆಡವಿದರೆ ‘ಶಹೀದ್’ ಮಾಡಿದರು ಎನ್ನುತ್ತಾರೆ. ನೋವಿನ ತೀವ್ರತೆಗೆ ತಕ್ಕ ಪದವದು. ಆದರೆ ಕಮಿಟಿಯವರೇ ಹಳೆಯ ಮಸೀದಿಯನ್ನು ತೆಗೆದು ಕಾಂಕ್ರೀಟಿನ ಹೊಸದನ್ನು ಕಟ್ಟುವಾಗಲೂ ಅದೇ ಪದ ಬಳಕೆಯಾಗುತ್ತದೆ. ನೂರಾರು ವರ್ಷಗಳ ಮರದ ಕಂಬ, ಗಾರೆಯ ಗೋಡೆ ಪುಡಿಯಾದರೂ ಯಾರಿಗೂ ಮರುಕವಿಲ್ಲ. ಗೌರವದ ಪದವೊಂದು ಎಲ್ಲವನ್ನೂ ಮುಚ್ಚಿಬಿಡುತ್ತದೆ. ವೈರಿಯ ಕೃತ್ಯಕ್ಕೂ ನಮ್ಮ ನವೀಕರಣಕ್ಕೂ ಒಂದೇ ಪದವಾದರೆ ಪದಕ್ಕೆ ಬೆಲೆ ಉಳಿಯುವುದೆಲ್ಲಿ?

ಕೆಡವುವುದಕ್ಕೆ ಅರಬಿಯಲ್ಲಿರುವ ಪದ ‘ಹದ್ಮ್’. ಪವಿತ್ರ ಕುರ್‌ಆನ್ ಅಧ್ಯಾಯ 22, ವಚನ 40ರಲ್ಲಿ ಅದೇ ಧಾತುವಿನ ಕ್ರಿಯಾಪದ ಬಂದಿದೆ. ಜನರನ್ನು ಪರಸ್ಪರರಿಂದ ಅಲ್ಲಾಹನು ತಡೆಯದೆ ಇರುತ್ತಿದ್ದರೆ ಕೆಡವಲ್ಪಡುತ್ತಿದ್ದ ಆಲಯಗಳು ಯಾವುವು ಎಂದು ಅಲ್ಲಿ ಹೇಳಲಾಗಿದೆ. ಪಟ್ಟಿಯಲ್ಲಿ ಸನ್ಯಾಸಿಗಳ ಮಠ, ಕ್ರೈಸ್ತರ ಇಗರ್ಜಿ, ಯಹೂದಿಯರ ಪ್ರಾರ್ಥನಾಲಯಗಳು ಮೊದಲು ಬರುತ್ತವೆ, ಮಸೀದಿಗಳು ಕೊನೆಗೆ. ತನ್ನದಲ್ಲದ ಆಲಯದ ಗೋಡೆಯ ಬಗ್ಗೆ ಮೊದಲು ಆತಂಕಪಡು ಎಂಬ ಪಾಠ ಈ ಕ್ರಮದಲ್ಲಿದೆ ಎಂದು ನಾವು ತಿಳಿಯುತ್ತೇವೆ. ಪ್ರವಾದಿ(ಸ)ಯವರಿಗೆ ಪ್ರವಾದಿತ್ವ ಲಭಿಸುವ ಕೆಲವು ವರ್ಷಗಳ ಮೊದಲು ಕುರೈಶರು ಶಿಥಿಲವಾಗಿದ್ದ ಕಅಬಾವನ್ನು ಕೆಡವಿ ಕಟ್ಟಲು ನಿರ್ಧರಿಸಿದಾಗ, ಮೊದಲ ಕಲ್ಲಿಗೆ ಕೈ ಹಾಕಲು ಎಲ್ಲರೂ ಹೆದರಿದ್ದರು. ವಲೀದ್ ಬಿನ್ ಮುಗೀರ ಗುದ್ದಲಿ ಎತ್ತಿದ. ಅವನಿಗೇನಾದರೂ ಆಗುತ್ತದೋ ಎಂದು ಉಳಿದವರು ಒಂದು ರಾತ್ರಿ ಕಾದರು. ಕಟ್ಟುವ ಉದ್ದೇಶದಿಂದ ಕೆಡವುವವರಿಗೂ ಅಷ್ಟು ಅಳುಕಿತ್ತು. ಮದೀನದಲ್ಲಿ ಪ್ರವಾದಿ(ಸ)ಯವರ ಮಸೀದಿಗೆ ಆಯ್ದ ಜಾಗ ಇಬ್ಬರು ಅನಾಥ ಹುಡುಗರದ್ದಾಗಿತ್ತು. ಅವರು ಉಚಿತವಾಗಿ ಕೊಡಲು ಮುಂದಾದರೂ ಪ್ರವಾದಿ(ಸ) ಒಪ್ಪದೆ ಬೆಲೆ ಕೊಟ್ಟೇ ಪಡೆದರು. ಅದೇ ಮಸೀದಿಯನ್ನು ವಿಸ್ತರಿಸಲು ಖಲೀಫಾ ಉಮರ್(ರ) ಅವರಿಗೆ ಅಬ್ಬಾಸ್(ರ) ಅವರ ಮನೆ ಬೇಕಾಯಿತು. ಅಬ್ಬಾಸ್ ಒಪ್ಪಲಿಲ್ಲ. ವಿವಾದ ಉಬೈ ಬಿನ್ ಕಅಬ್(ರ) ಅವರ ಮುಂದೆ ಹೋಯಿತು. ಅವರು ಖಲೀಫರ ವಿರುದ್ಧ ತೀರ್ಪಿತ್ತರು. ತನ್ನ ಹಕ್ಕು ಸಾಬೀತಾದ ಮೇಲೆ ಅಬ್ಬಾಸ್ ಸ್ವಇಚ್ಛೆಯಿಂದ ಮನೆ ಬಿಟ್ಟುಕೊಟ್ಟರೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಅಲ್ಲಾಹನ ಮನೆಗಾಗಿಯೂ ಮನುಷ್ಯನ ಮನೆಯನ್ನು ಬಲವಂತದಿಂದ ಕೆಡವುವಂತಿಲ್ಲ ಎಂದ ಮೇಲೆ, ರಸ್ತೆಗಾಗಿ ಕೆಡವುವವರು ಎಷ್ಟು ಎಚ್ಚರದಿಂದಿರಬೇಕು?

ಈ ಇತಿಹಾಸವನ್ನು ಹೆಮ್ಮೆಯಿಂದ ಹೇಳುವ ನಮ್ಮಲ್ಲೇ ವಕ್ಫ್ ಜಮೀನಿನ ಮೇಲೆ ಅಂಗಡಿ ಎಬ್ಬಿಸಿ ಪುಡಿಗಾಸಿನ ಬಾಡಿಗೆ ಕಟ್ಟುವವರಿದ್ದಾರೆ. ಕಬರಸ್ಥಾನದ ಅಂಚನ್ನು ಮನೆಯ ಹಿತ್ತಲಿಗೆ ಸೇರಿಸಿಕೊಂಡವರಿದ್ದಾರೆ. ಊರಿನ ಚರಂಡಿಯ ಮೇಲೆ ಮೆಟ್ಟಿಲು ಕಟ್ಟಿ, ನೆರೆಮನೆಗೆ ನೀರು ನುಗ್ಗಿದರೆ ಮುಖ ತಿರುಗಿಸುವವರೂ ಇದ್ದಾರೆ. ಇದು ಒತ್ತುವರಿಯೇ, ಇದಕ್ಕೆ ಬೇರೆ ಹೆಸರಿಲ್ಲ. ಕೆರೆಯನ್ನು, ರಾಜಕಾಲುವೆಯನ್ನು ನುಂಗಿ ಎದ್ದ ಶ್ರೀಮಂತರ ಕಟ್ಟಡವನ್ನು ಕ್ರಮಬದ್ಧವಾಗಿ ತೆಗೆಸಿದರೆ ಅದು ನಿಜವಾದ ಅರ್ಥದಲ್ಲಿ ತೆರವೇ. ಅದನ್ನು ನಾವು ಸ್ವಾಗತಿಸುತ್ತೇವೆ. ನಮ್ಮವರ ಅಕ್ರಮಕ್ಕೆ ‘ಸಂತ್ರಸ್ತ’ ಎಂಬ ಪದವನ್ನೂ ಇತರರ ಸಂಕಟಕ್ಕೆ ‘ಒತ್ತುವರಿ’ ಎಂಬ ಪದವನ್ನೂ ಇಟ್ಟುಕೊಂಡರೆ ನಾವು ಯಾರನ್ನು ಟೀಕಿಸುತ್ತೇವೆಯೋ ಅವರಿಗಿಂತ ಭಿನ್ನವಾಗುವುದಿಲ್ಲ. ಹುಚ್ಚಗಣಿಯ ಭಕ್ತರ ನೋವೂ ಕೋಗಿಲಿನ ತಾಯಂದಿರ ನೋವೂ ಒಂದೇ ತಕ್ಕಡಿಯಲ್ಲಿ ತೂಗಬೇಕು.

ಹಾಗಾದರೆ ಮಾಡಬೇಕಾದದ್ದೇನು? ಪತ್ರಕರ್ತ ಮಿತ್ರರಲ್ಲಿ ನಮ್ಮದೊಂದು ವಿನಂತಿ. ವಿಚಾರಣೆ ಮುಗಿದು ಒತ್ತುವರಿ ಸಾಬೀತಾಗಿದ್ದರೆ ಹಾಗೆಂದು ಬರೆಯಿರಿ. ಆಗದಿದ್ದರೆ ‘ಒತ್ತುವರಿ ಎಂದು ಇಲಾಖೆ ಹೇಳಿದ ಮನೆ’ ಎನ್ನಿ. ‘ತೆರವುಗೊಳಿಸಲಾಯಿತು’ ಎನ್ನುವ ಬದಲು ಯಾವ ಇಲಾಖೆ, ಯಾರ ಆದೇಶದ ಮೇಲೆ, ಎಷ್ಟು ದಿನಗಳ ನೋಟಿಸು ಕೊಟ್ಟು, ಎಷ್ಟು ಮನೆ ಕೆಡವಿತು ಎಂದು ಬರೆಯಿರಿ. ಒಂದು ಸಾಲು ಹೆಚ್ಚು ಬೇಕಾದೀತು, ಅಷ್ಟೆ.

ಕುಟುಂಬಗಳಿಗೂ ಒಂದು ಮಾತು. ಹಕ್ಕುಪತ್ರ, ಇ-ಸ್ವತ್ತು, ಕಂದಾಯದ ರಸೀದಿ, ವಿದ್ಯುತ್ ಬಿಲ್ಲುಗಳನ್ನು ಒಂದೆಡೆ ಜೋಡಿಸಿಡಿ. ಅಜ್ಜನ ಹೆಸರಿನಲ್ಲಿರುವ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಿ. ಹೆಣ್ಣುಮಕ್ಕಳ ಪಾಲು ಮರೆಯಬೇಡಿ. 94ಸಿ ಅಡಿ ಅರ್ಜಿ ಹಾಕಿದವರು ಅದರ ಸ್ಥಿತಿಯನ್ನು ತಾಲೂಕು ಕಚೇರಿಯಲ್ಲಿ ವಿಚಾರಿಸಿ. ನೋಟಿಸು ಬಂದರೆ ಹರಿದೆಸೆಯಬೇಡಿ. ಅದರಲ್ಲಿರುವ ತಾರೀಕನ್ನೂ ಕಾಯ್ದೆಯ ಹೆಸರನ್ನೂ ಓದಿಸಿಕೊಳ್ಳಿ. ಉಚಿತ ಕಾನೂನು ನೆರವು ಕೊಡುವ ಸೇವಾ ಪ್ರಾಧಿಕಾರ ಪ್ರತಿ ಜಿಲ್ಲೆಯಲ್ಲೂ ಇದೆ. ಜುಮಾದ ದಿನ ಮಸೀದಿಯ ಅಂಗಳದಲ್ಲಿ ಓದು ಬಲ್ಲ ಇಬ್ಬರು ಯುವಕರು ಕುಳಿತು, ಜಾತಿ-ಮತ ಕೇಳದೆ ಊರವರ ಕಾಗದ ನೋಡಿ ಹೇಳುವ ವ್ಯವಸ್ಥೆ ಮಾಡಿದರೆ ಅದೊಂದು ದೊಡ್ಡ ಸೇವೆಯಾದೀತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ದೊಣ್ಣೆಗೆ ‘ತೆರವು’ ಎಂಬ ಹೆಸರಿಟ್ಟ ಮಾತ್ರಕ್ಕೆ ಒಡೆದ ಮಡಕೆ ಕೂಡಿಕೊಳ್ಳುವುದಿಲ್ಲ. ಕೆಡವಿದ್ದನ್ನು ಕೆಡವಿದರು ಎನ್ನೋಣ, ಕೆಡವಿದವರು ಯಾರೆಂದು ಕೇಳೋಣ.